ಮೆಣಸಿನಕಾಯಿಯ ಹಂಗಾಮು, ಮಕ್ಕಳ ಪರೀಕ್ಷೆ: ಬ್ಯಾಡಗಿಯ ಒಂದು ವಾರ

ಹಾವೇರಿ ಮತ್ತು ರಾಣೆಬೆನ್ನೂರುಗಳ ನಡುವೆ, ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲುಮಾರ್ಗದ ಮೇಲೆ ನಮ್ಮ ಊರು ಬ್ಯಾಡಗಿ ಇದೆ. ಊರು ಚಿಕ್ಕದು, ಹೆಸರು ಮಾತ್ರ ದೊಡ್ಡದು. ಮಾಘ, ಫಾಲ್ಗುಣ ಮಾಸಗಳಲ್ಲಿ ಈ ದಾರಿಯಾಗಿ ಹೋಗುವ ಪ್ರವಾಸಿಗರು ನಿಲ್ದಾಣದ ಫಲಕವನ್ನು ಓದಬೇಕಾದ ಅಗತ್ಯವೇ ಇರುವುದಿಲ್ಲ. ಕಿಟಕಿಯಿಂದ ಒಳಬರುವ ಗಾಳಿ ಒಂದು ಸೀನು ತರಿಸಿ ಊರಿನ ಹೆಸರನ್ನು ತಾನೇ ಹೇಳಿಬಿಡುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಗುಣ ಓದುಗ ಬಂಧುಗಳಿಗೆ ತಿಳಿಯದ್ದೇನಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಗಿಡ್ಡಗೆ ದುಂಡಗಿರುವುದು ಡಬ್ಬಿ, ಉದ್ದಕ್ಕೆ ಸಪೂರವಾಗಿರುವುದು ಕಡ್ಡಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಿಂದ ತೆಗೆಯುವ ಬಣ್ಣದ ಸತ್ವವು ಅಡುಗೆಯ ಪದಾರ್ಥಗಳಿಗಷ್ಟೇ ಅಲ್ಲದೆ ತುಟಿಗೆ, ಉಗುರಿಗೆ ಹಚ್ಚುವ ಬಣ್ಣಗಳಿಗೂ ಬಳಕೆಯಾಗುತ್ತದೆ. ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದಲೂ ಆಂಧ್ರದ ಕರ್ನೂಲು ಸೀಮೆಯಿಂದಲೂ ಮಾಲು ಇಲ್ಲಿಗೆ ಬರುತ್ತದೆ. ಪೇಟೆ ನಡೆಯುವುದು ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ಹಂಗಾಮಿನ ಏರುದಿನಗಳಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಚೀಲಗಳು ಬಂದು ಬೀಳುತ್ತವೆ.

ಇಂತಹ ಊರಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಒಂದು ವಿಶೇಷವಾದ ತೊಡಕುಂಟು. ಮಳೆಗಾಲದಲ್ಲಿ ನಾಟಿ ಮಾಡಿದ ಬೆಳೆ ಕೊಯ್ಲಾಗಿ, ಬಿಸಿಲಿಗೆ ಒಣಗಿ, ಪೇಟೆಗೆ ಒತ್ತರಿಸಿ ಬರುವ ಕಾಲ ಫೆಬ್ರುವರಿ, ಮಾರ್ಚ್. ಮಕ್ಕಳ ವರ್ಷದ ಪರೀಕ್ಷೆಗಳೂ ಆಗಲೇ. ಮನೆಯ ದೊಡ್ಡವರಿಗೆ ಉಸಿರಾಡಲು ಬಿಡುವಿಲ್ಲದ ವಾರಗಳಲ್ಲಿಯೇ ಮಕ್ಕಳಿಗೆ ದೊಡ್ಡವರು ಬೇಕಾಗುತ್ತಾರೆ. ಈ ವರ್ಷದ ಮಾರ್ಚ್ ತಿಂಗಳಿನ ಅಂತಹ ಒಂದು ವಾರವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ನಮ್ಮದು ಐದು ಜನರ ಸಂಸಾರ. ದಂಪತಿಗಳಾದ ನಮ್ಮಲ್ಲಿ ಒಬ್ಬರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮತ್ತೊಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಹತ್ತನೆಯ ಇಯತ್ತೆ, ಮಗ ಎರಡನೆಯ ಇಯತ್ತೆ. ಹಿರಿಯರಾಗಿ ಅಜ್ಜಿ ಇದ್ದಾರೆ. ಅವರ ಲಿಂಗಪೂಜೆಯ ಗಂಟೆಯಿಂದಲೇ ಮನೆಯಲ್ಲಿ ಬೆಳಗಾಗುವುದು.

ನಮ್ಮಲ್ಲಿ ವಾರ ಆರಂಭವಾಗುವುದು ಭಾನುವಾರದ ಸಂಜೆಗೆ. ಮರುದಿನದ ಪೇಟೆಗೆ ಮಾಲು ತಂದ ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ಆ ಸಂಜೆ ಧಾರವಾಡದಿಂದ ಮಕ್ಕಳ ಸೋದರತ್ತೆಯ ದೂರವಾಣಿ ಬಂದಿತು. “ಹುಡುಗಿಯ ಪರೀಕ್ಷೆಗೆ ಇನ್ನು ಮೂರು ವಾರ ಉಳಿದಿಲ್ಲ. ನಿಮ್ಮ ಮನೆಯಲ್ಲಿ ಅವಳು ಓದುವುದು ಹೇಗೆ? ನಾಳೆಯೇ ಇಲ್ಲಿಗೆ ಕಳಿಸಿರಿ. ಪರೀಕ್ಷೆಯ ಹಿಂದಿನ ದಿನ ಕರೆದೊಯ್ದರಾಯಿತು” ಎಂದರು. ಪ್ರೀತಿಯ ಮಾತು, ವಿವೇಕದ ಮಾತು. ಅವರ ಮನೆಯಲ್ಲಿ ಪ್ರತ್ಯೇಕ ಕೋಣೆಯುಂಟು, ಸದ್ದಿಲ್ಲ. ವಾರ ಮುಗಿಯುವುದರೊಳಗೆ ತಿಳಿಸುವುದಾಗಿ ನಾವು ಹೇಳಿದೆವು.

ಸೋಮವಾರ ನಸುಕಿನಲ್ಲಿಯೇ ಚೀಲಗಳ ಬಾಯಿ ಬಿಚ್ಚಿ ಅಂಗಡಿಗಳ ಮುಂದೆ ಕಾಯಿ ಸುರಿಯುತ್ತಾರೆ. ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಕಾಯಿ ಮುರಿದು ನೋಡಿ, ಗಣಕಯಂತ್ರದ ಮೂಲಕ ಟೆಂಡರ್ ಹಾಕುತ್ತಾರೆ. ದರ ಹೊರಬಿದ್ದ ಬಳಿಕ ತೂಕ, ಚೀಲ ತುಂಬುವುದು, ರೈತರಿಗೆ ಲೆಕ್ಕದ ಪಟ್ಟಿ. ಪಟ್ಟಿ ಬರೆಯುವವರು ಮನೆಗೆ ಬರುವುದು ರಾತ್ರಿ ಎಷ್ಟು ಹೊತ್ತಿಗೋ ಹೇಳಲಾಗದು. ಬಂದರೂ ಮಗನನ್ನು ಎತ್ತಿಕೊಳ್ಳುವಂತಿಲ್ಲ. ಬಟ್ಟೆಯ ಮೇಲೆ, ಕೈಯ ಮೇಲೆ ಕಾಣದ ಪುಡಿ ಕೂತಿರುತ್ತದೆ. ಮಗುವಿನ ಕಣ್ಣಿಗೆ ತಾಗಿದರೆ ಮನೆಯೆಲ್ಲ ಎದ್ದು ಕೂರಬೇಕಾಗುತ್ತದೆ. ಈ ಖಾರ ಬರಿಯ ನೀರಿಗೆ ಹೋಗುವಂಥದಲ್ಲ, ಎಣ್ಣೆಗೆ ಕರಗುವಂಥದು. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸಾಬೂನು. ಹುಡುಗ ಬಚ್ಚಲಿನ ಬಾಗಿಲಲ್ಲಿ ನಿಂತು “ಅಪ್ಪಾ, ಆಯಿತೇ?” ಎಂದು ಕೇಳುತ್ತಲೇ ಇರುತ್ತಾನೆ. ಅನೇಕ ಸೋಮವಾರಗಳಲ್ಲಿ ಉತ್ತರ ಸಿಗುವ ಮೊದಲೇ ಅವನಿಗೆ ನಿದ್ದೆ ಹತ್ತಿರುತ್ತದೆ.

ಪೇಟೆಯ ಏರಿಳಿತ ಮಕ್ಕಳಿಂದ ಮುಚ್ಚಿಡುವಂಥದೂ ಅಲ್ಲ. 2024ರ ಮಾರ್ಚ್ 11, ಅದೂ ಸೋಮವಾರವೇ, ದರ ಕುಸಿದುದನ್ನು ಕಂಡು ರೈತರ ಸಿಟ್ಟು ಕಟ್ಟೆಯೊಡೆದು ವಾಹನಗಳು ಸುಟ್ಟವು. “ಕಾಯಿ ಇಷ್ಟು ಬಂದರೆ ರೈತನಿಗೆ ಸಂತೋಷವಾಗಬೇಕಲ್ಲ?” ಎಂದು ಅಂದು ಮಗಳು ಕೇಳಿದ್ದಳು. ಬೆಳೆ ಹೆಚ್ಚಾದಂತೆ ಬೆಲೆ ಇಳಿಯುವುದನ್ನೂ, ದರ ಸಾಲದಾದಾಗ ಶೀತಲಗೃಹದಲ್ಲಿಟ್ಟು ಕಾಯಬಲ್ಲವರು ಕಾಯುವುದನ್ನೂ, ಸಾಲ ತೀರಿಸಬೇಕಾದವರು ಕಾಯಲಾರದೆ ಮಾರುವುದನ್ನೂ ನಾವು ವಿವರಿಸಿದೆವು. ಎಲ್ಲ ತಿಳಿಯಿತೆಂದಲ್ಲ, ಆದರೆ ಅಂದಿನಿಂದ ಪ್ರತಿ ಪೇಟೆಯ ರಾತ್ರಿ “ಇವತ್ತು ದರ ಹೇಗಿತ್ತು?” ಎಂದು ಕೇಳುವುದನ್ನು ಅವಳು ಬಿಟ್ಟಿಲ್ಲ.

ಮಂಗಳವಾರ ಊರು ತುಸು ತಣ್ಣಗಾಗುತ್ತದೆ. ಅಂದು ಊಟಕ್ಕೆ ಎಲ್ಲರೂ ಕೂಡಿ ಕುಳಿತಾಗ ಧಾರವಾಡದ ಮಾತು ತೆಗೆದೆವು. ಮಗಳು ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತದೆ, “ನಾನು ಹೋದರೆ ಗಣಿತ ಯಾರು ಹೇಳಿಕೊಡುತ್ತಾರೆ?” ಎಂದಳು. ಅವಳಿಗೆ ಗಣಿತ ಹೇಳಿಕೊಡುತ್ತಿರುವವಳು ನಮ್ಮ ಓಣಿಯಲ್ಲಿಯೇ ನಾಲ್ಕು ಮನೆಗಳಾಚೆ ಇರುವ ಅವಳ ಸಹಪಾಠಿ. ಆ ಹುಡುಗಿಯ ತಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗುವವರು.

ಪರಊರಿನ ಓದುಗರಿಗಾಗಿ ಒಂದು ಮಾತು. ಪುಡಿಗೂ ಸತ್ವಕ್ಕೂ ಹೋಗುವ ಕಾಯಿಯ ತೊಟ್ಟನ್ನು ಬಿಡಿಸಬೇಕು. ಅದಕ್ಕೆ ನಮ್ಮಲ್ಲಿ ತುಂಬು ಬಿಡಿಸುವುದೆನ್ನುತ್ತಾರೆ. ಬ್ಯಾಡಗಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಅಸಂಖ್ಯ ಹೆಣ್ಣುಮಕ್ಕಳ ಹೊಟ್ಟೆಪಾಡು ಇದೇ. ಕೂಲಿ ಕಿಲೋ ಲೆಕ್ಕದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕುಳಿತು ಬಿಡಿಸಿದ ಕೈಗೆ ರಾತ್ರಿ ರೊಟ್ಟಿ ತಟ್ಟುವಾಗ ಬೆಂಕಿಯ ಕಾವಿಗೆ ಉರಿ ಮತ್ತಷ್ಟು ಏರುತ್ತದೆ. ಹಂಗಾಮಿನಲ್ಲಿ ಕೆಲಸ ಬಿಡುವಂತಿಲ್ಲ. ಈ ಮೂರು ನಾಲ್ಕು ತಿಂಗಳ ಗಳಿಕೆಯ ಮೇಲೆಯೇ ಮುಂದಿನ ಮಳೆಗಾಲ ನಿಂತಿರುತ್ತದೆ. ಆ ತಾಯಿ ಹೊರಟ ಮೇಲೆ ಅಡುಗೆ, ನೀರು, ಚಿಕ್ಕ ತಮ್ಮನ ಯೋಗಕ್ಷೇಮ ಎಲ್ಲವೂ ಹತ್ತನೆಯ ಇಯತ್ತೆಯ ಹುಡುಗಿಯ ಪಾಲಿಗೆ. ಅವಳು ಓದುವುದು ಎಲ್ಲರೂ ಮಲಗಿದ ಬಳಿಕ, ಒಂದೇ ಕೋಣೆಯಲ್ಲಿ, ದೀಪಕ್ಕೆ ಕಾಗದ ಮರೆಮಾಡಿಕೊಂಡು.

ನಮ್ಮ ಮಗಳಿಗೆ ಧಾರವಾಡವಿತ್ತು. ಆ ಹುಡುಗಿಗೆ ಯಾವ ಊರೂ ಇರಲಿಲ್ಲ. ಮಂಗಳವಾರದ ರಾತ್ರಿ ನಮ್ಮ ಮನಸ್ಸಿನಲ್ಲಿ ನಿಂತ ಪ್ರಶ್ನೆ ಇದೇ. ಕಳಿಸಲು ಅನುಕೂಲವಿದ್ದವರು ತಮ್ಮ ಮಕ್ಕಳನ್ನು ಕಳಿಸಿಕೊಟ್ಟರೆ ಓಣಿಯ ಗದ್ದಲ ಓಣಿಯಲ್ಲಿಯೇ ಉಳಿಯುತ್ತದೆ, ಅನುಕೂಲವಿಲ್ಲದವರ ಮಕ್ಕಳ ಕಿವಿಗೆ.

ಬುಧವಾರ ಶಾಲೆಯಿಂದ ಬಂದ ಮೇಲೆ ಎದುರು ಮನೆಯ ನಿವೃತ್ತ ಶಿಕ್ಷಕರನ್ನು ಕಂಡೆವು. ಅವರ ಮಹಡಿಯ ಕೋಣೆ ಹಳೆಯ ಸಾಮಾನುಗಳಿಂದ ತುಂಬಿದ್ದಿತು. ವಿಷಯ ಕೇಳಿದ ಹಿರಿಯರು ಎರಡನೆಯ ಮಾತಾಡದೆ ಕೀಲಿಕೈ ಕೊಟ್ಟರು. ಸಂಜೆಯೊಳಗೆ ಸಾಮಾನು ಒಂದು ಮೂಲೆಗೆ ಸರಿಯಿತು, ಎರಡು ಚಾಪೆ ಹಾಸಿದ್ದಾಯಿತು. ಓಣಿಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯರು ನಾಲ್ವರು. ಬೆಳಗಿನ ಐದರಿಂದ ಏಳು, ಸಂಜೆಯ ಆರರಿಂದ ಒಂಬತ್ತು ಎಂದು ವೇಳೆ ಗೊತ್ತುಪಡಿಸಿದೆವು. ಪೇಟೆಯ ದಿನಗಳಲ್ಲಿ ಗೆಳತಿಯ ತಮ್ಮನನ್ನು ನಮ್ಮ ಮಗನ ಜೊತೆ ನೋಡಿಕೊಳ್ಳುವುದಾಗಿ ಅಜ್ಜಿ ತಾವಾಗಿಯೇ ಹೇಳಿದರು. “ಒಬ್ಬನ ಹಿಂದೆ ಓಡುವುದಕ್ಕಿಂತ ಇಬ್ಬರ ಹಿಂದೆ ಓಡುವುದು ಸುಲಭ, ಒಬ್ಬರನ್ನೊಬ್ಬರು ಹಿಡಿದುಕೊಂಡಿರುತ್ತಾರೆ” ಎಂಬುದು ಅವರ ಅನುಭವದ ಮಾತು. ರಾತ್ರಿಯ ರೊಟ್ಟಿ ದಿನಕ್ಕೊಂದು ಮನೆಯದು.

ಗುರುವಾರ ಮೊದಲ ಪರೀಕ್ಷೆ ನಮಗೇ ಬಂದಿತು. ಆರು ಗಂಟೆಗೆ ಹುಡುಗಿಯರು ಕುಳಿತರು. ಆರೂಕಾಲಿಗೆ ಓಣಿಯ ಮೂಲೆಯ ಖಾರದ ಗಿರಣಿ ಆರಂಭವಾಯಿತು. ಗಿರಣಿಯವರನ್ನು ಹೋಗಿ ಕೇಳಿದೆವು. ಅವರಿಗೂ ದುಡಿಮೆಯ ದಿನ ಅದೇ. “ಪೇಟೆಯ ದಿನ ಬೇಗ ನಿಲ್ಲಿಸಲಾರೆ, ಎಂಟಕ್ಕೆ ನಿಲ್ಲಿಸುತ್ತೇನೆ. ಉಳಿದ ದಿನ ಆರಕ್ಕೇ ನಿಲ್ಲಿಸುತ್ತೇನೆ” ಎಂದರು. ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲವೆಂದು ಮರಳಿದೆವು. ಏಳಕ್ಕೆ ವಿದ್ಯುತ್ತು ಹೋಯಿತು. ಒಬ್ಬಳಿಗೆ ಗೋಡೆಗೊರಗಿ ನಿದ್ದೆ ಬಂದಿತು. ಒಂಬತ್ತಕ್ಕೆ ತುಂಬು ಬಿಡಿಸಿ ಬಂದ ತಾಯಿ ಮಗಳನ್ನು ಕರೆಯಲು ಬಂದವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಒಳಗೆ ಅವರ ಮಗಳು ಗೋಡೆಗೆ ಹೊಂದಿಸಿದ ಹಲಗೆಯ ಮೇಲೆ ಲೆಕ್ಕ ಬರೆದು ಉಳಿದ ಮೂವರಿಗೆ ವಿವರಿಸುತ್ತಿದ್ದಳು. ಅವರು ಕರೆಯಲಿಲ್ಲ, ಲೆಕ್ಕ ಮುಗಿಯುವವರೆಗೆ ಕಾಯ್ದರು.

ಶುಕ್ರವಾರ ಧಾರವಾಡಕ್ಕೆ ತಿಳಿಸಿದೆವು. ಅವರು ಬೇಸರಿಸಿಕೊಳ್ಳದೆ ತಮ್ಮಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಕಳಿಸಿಕೊಟ್ಟರು. ಶನಿವಾರ ಮಗನ ಸರದಿ. ಅವನ ಶಾಲೆಯಲ್ಲಿ ಹುತಾತ್ಮ ಮೈಲಾರ ಮಹಾದೇವಪ್ಪನವರ ಕುರಿತು ನಾಲ್ಕು ವಾಕ್ಯ ಹೇಳಬೇಕಿತ್ತು. ಅವರ ಮೋಟೆಬೆನ್ನೂರು ನಮ್ಮ ತಾಲ್ಲೂಕಿನದೇ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ತರುಣ ಅವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ನಾಲ್ಕು ವಾಕ್ಯಗಳನ್ನು ಅವನಿಗೆ ಕಂಠಪಾಠ ಮಾಡಿಸಿದ್ದು ಮಹಡಿಯ ನಾಲ್ವರು ಅಕ್ಕಂದಿರು, ಬಿಡುವಿನ ಹತ್ತು ನಿಮಿಷದಲ್ಲಿ.

ಭಾನುವಾರ ಬೆಳಿಗ್ಗೆ ನಾಲ್ವರು ಹುಡುಗಿಯರನ್ನೂ ಇಬ್ಬರು ಚಿಕ್ಕವರನ್ನೂ ಕರೆದುಕೊಂಡು ಕಾಗಿನೆಲೆಗೆ ಹೋದೆವು. ಕನಕದಾಸರ ಆದಿಕೇಶವನ ಊರು ಅದು, ನಮ್ಮ ತಾಲ್ಲೂಕಿನ ಹೆಮ್ಮೆ. ಗೆಳತಿಯ ತಾಯಿಗೆ ಅಂದೂ ಕೆಲಸವಿದ್ದುದರಿಂದ ಬರಲಾಗಲಿಲ್ಲ. ಎಲ್ಲರಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅಜ್ಜಿ ಚಿಕ್ಕವರಿಗೆ ರಾಮಧಾನ್ಯ ಚರಿತ್ರೆಯ ಕಥೆ ಹೇಳಿದರು: ರಾಗಿ ಮತ್ತು ಭತ್ತಗಳಿಗೆ ತಾನು ಹೆಚ್ಚು, ತಾನು ಹೆಚ್ಚು ಎಂಬ ಜಗಳ ಹುಟ್ಟಿ, ಬಡವರ ಧಾನ್ಯವಾದ ರಾಗಿಯೇ ಗೆದ್ದ ಕಥೆ. “ಆ ಜಗಳದಲ್ಲಿ ಮೆಣಸಿನಕಾಯಿ ಇರಲಿಲ್ಲವೇ?” ಎಂದು ಮಗ ಕೇಳಿದ. ಮೆಣಸಿನಕಾಯಿ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದದ್ದೆಂದು ಗಣಿತದ ಹುಡುಗಿ ತಿಳಿಸಿದಳು. “ಹಾಗಾದರೆ ಅದು ಬರುವುದು ತಡವಾಯಿತು” ಎಂದು ಅವನು ಸಮಾಧಾನ ಪಟ್ಟುಕೊಂಡ.

ಈ ಬರಹ ನಿಮ್ಮ ಕೈ ಸೇರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಫಲಿತಾಂಶ ಹೇಗೆ ಬರುವುದೋ ಬರಲಿ, ಮಹಡಿಯ ಕೋಣೆಯನ್ನು ಮುಂದಿನ ವರ್ಷದ ಮಕ್ಕಳಿಗಾಗಿ ಹಾಗೆಯೇ ಇರಿಸುವುದಾಗಿ ಹಿರಿಯರು ಹೇಳಿದ್ದಾರೆ. ಬಂಧುಗಳೇ, ನಿಮ್ಮ ಊರಿನಲ್ಲಿ ಮೆಣಸಿನಕಾಯಿ ಇರಲಿಕ್ಕಿಲ್ಲ. ಹತ್ತಿಯಿರಬಹುದು, ಬೆಲ್ಲದ ಗಾಣವಿರಬಹುದು, ಅಡಿಕೆಯ ಸುಲಿತವಿರಬಹುದು, ಮಗ್ಗದ ಸದ್ದಿರಬಹುದು. ದುಡಿಮೆಯ ಹಂಗಾಮನ್ನು ಮುಂದೂಡಲಾಗದು, ಪರೀಕ್ಷೆಯನ್ನೂ ಮುಂದೂಡಲಾಗದು. ಆದರೆ ಓಣಿಗೊಂದು ಖಾಲಿ ಕೋಣೆ ಎಲ್ಲಿಯಾದರೂ ಇದ್ದೇ ಇರುತ್ತದೆ. ನಿಮ್ಮ ಮಗುವಿಗಾಗಿ ಅದರ ಬಾಗಿಲು ತೆಗೆಸುವಾಗ, ತಾಯಿ ದುಡಿಯಲು ಹೋಗಿರುವ ಪಕ್ಕದ ಮನೆಯ ಮಗುವನ್ನೂ ಕರೆಯಿರಿ. ಚಾಪೆಗೆ ಮತ್ತೊಬ್ಬರು ಹೆಚ್ಚಾಗುವುದಿಲ್ಲ.