ಅನ್ನದಾತನ ಆಧಿ

ಸಂಸ್ಕೃತದಲ್ಲಿ 'ಆಧಿ' ಎಂಬುದೊಂದು ಪದವುಂಟು. 'ಆಧಿವ್ಯಾಧಿ' ಎಂಬ ಜೋಡುಮಾತಿನ ಮೂಲಕ ಅದು ಕನ್ನಡಿಗರೆಲ್ಲರಿಗೂ ಪರಿಚಿತವೇ. ವ್ಯಾಧಿಯೆಂದರೆ ಶರೀರದ ರೋಗ. ಆಧಿಯೆಂದರೆ ಮನಸ್ಸಿನ ಬೇನೆ. ಆದರೆ ಅಮರಕೋಶದ ನಾನಾರ್ಥವರ್ಗವನ್ನು ಬಾಯಿಪಾಠ ಮಾಡಿದವರು ಬಲ್ಲಂತೆ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಅದು 'ಬಂಧಕ', ಎಂದರೆ ಸಾಲಕ್ಕಾಗಿ ಇಟ್ಟ ಒತ್ತೆ, ಅಡವು. ಋಣವ್ಯವಹಾರವನ್ನು ವಿವರಿಸುವಾಗ ಸ್ಮೃತಿಕಾರರು ಆಧಿಯೆಂಬ ಮಾತನ್ನು ಬಳಸಿರುವುದು ಈ ಅರ್ಥದಲ್ಲಿಯೇ. ಹೊಲವನ್ನು ಒತ್ತೆಯಿಟ್ಟವನ ಸ್ಥಿತಿಗೂ ಮನಸ್ಸು ಕುಸಿದವನ ಸ್ಥಿತಿಗೂ ಒಂದೇ ಹೆಸರು! ಕೋಶಕಾರನು ಉದ್ದೇಶಪೂರ್ವಕವಾಗಿ ಇವೆರಡನ್ನು ಒಂದುಗೂಡಿಸಿದನೆಂದು ಹೇಳಲಾಗದು. ಆದರೂ ಕಳೆದ ಕಾಲು ಶತಮಾನದ ಕನ್ನಡ ನಾಡಿನ ಕೃಷಿಕನ ಬಾಳನ್ನು ನೋಡಿದವರಿಗೆ ಈ ಎರಡು ಅರ್ಥಗಳು ಬೇರೆ ಬೇರೆಯೆಂದು ತೋರುವುದಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟ್ ಹೊಲಗದ್ದೆಗಳಿಲ್ಲದ ಬಡಾವಣೆ. ಆದರೂ ರೈತನ ವಿಚಾರವನ್ನು ಇಲ್ಲಿಂದ ಆರಂಭಿಸುವುದು ಅಸಂಗತವಲ್ಲ. ಒಂದು ದಿಕ್ಕಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ದಿಕ್ಕಿಗೆ ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ, ಪಕ್ಕದಲ್ಲಿ ಲಗ್ಗೆರೆ. ಇಲ್ಲಿಯ ಬಾಡಿಗೆ ಮನೆಗಳಲ್ಲಿ, 'ಭೋಗ್ಯಕ್ಕಿದೆ' ಎಂಬ ಫಲಕವನ್ನು ಕಂಡು ಬಂದು ಸೇರಿದ ಮಹಡಿಯ ಮನೆಗಳಲ್ಲಿ, ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಕಡೆಯ ರೈತರ ಮಕ್ಕಳು ಎಷ್ಟೋ ಮಂದಿ ನೆಲೆಸಿದ್ದಾರೆ. ಮಗನು ಪಟ್ಟಣದಲ್ಲಿ ಮನೆಯನ್ನು ಭೋಗ್ಯಕ್ಕೆ ಹಿಡಿಯುವ ಹೊತ್ತಿನಲ್ಲಿ ಊರಿನಲ್ಲಿ ತಂದೆಯು ಹೊಲವನ್ನು ಭೋಗ್ಯಕ್ಕೆ ಕೊಟ್ಟಿರುವುದೂ ಉಂಟು.

ಇದೇ ಬಡಾವಣೆಯ ಕಂಠೀರವ ಸ್ಟುಡಿಯೋ ಆವರಣದಲ್ಲಿ ಡಾ. ರಾಜ್‌ಕುಮಾರರ ಸಮಾಧಿಯಿದೆ. ೨೦೦೬ರ ಏಪ್ರಿಲಿನಲ್ಲಿ ಅವರು ಇಲ್ಲಿ ಮಣ್ಣಾದರು. ೧೯೭೨ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ' ಚಿತ್ರದಲ್ಲಿ ಬಂಜರು ನೆಲವನ್ನು ಬಂಗಾರದ ಬೆಳೆಯ ಭೂಮಿಯಾಗಿಸಿದ ರಾಜೀವನ ಪಾತ್ರ ಅವರದು. ಆ ಚಿತ್ರವನ್ನು ನೋಡಿ ಪಟ್ಟಣವನ್ನು ತೊರೆದು ಬೇಸಾಯಕ್ಕೆ ಮರಳಿದ ತರುಣರಿದ್ದರೆಂದು ಜನರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಇಂದು ಆ ಸಮಾಧಿಗೆ ಕೈಮುಗಿದು ಹೋಗುವವರಲ್ಲಿ ಬೇಸಾಯವನ್ನು ತೊರೆದು ಪಟ್ಟಣಕ್ಕೆ ಬಂದವರೇ ಬಹಳ. ಚಿತ್ರವನ್ನು ಮೆಚ್ಚಿದವರು ಅದರ ಕೊನೆಯನ್ನು ಅಷ್ಟಾಗಿ ಚಿಂತಿಸಿದಂತಿಲ್ಲ. ಕಲ್ಲುನೆಲವನ್ನು ಗೆದ್ದ ರಾಜೀವನು ಸೋತದ್ದು ಮನೆಯವರ ಕಟುನುಡಿಗೆ. ಯಾರೊಡನೆಯೂ ತನ್ನ ನೋವನ್ನು ಹೇಳಿಕೊಳ್ಳದೆ ಆತನು ಮನೆಯಿಂದ ಹೊರನಡೆದನು. ಮಳೆಗೆ ಬಗ್ಗದ, ಬಿಸಿಲಿಗೆ ಕುಗ್ಗದ ರೈತನು ಮಾನಕ್ಕೆ ಪೆಟ್ಟು ಬಿದ್ದಾಗ ಕುಸಿಯುತ್ತಾನೆಂಬ ಸತ್ಯ ಅಲ್ಲಿಯೂ ಅಡಗಿದೆ.

ಮಾನಕ್ಕೆ ಪೆಟ್ಟು ಬೀಳುವ ಬಗೆಯನ್ನು ಅರಿಯಲು ಯಶವಂತಪುರದ ಮಾರುಕಟ್ಟೆಯ ಒಂದು ರಸೀದಿ ಸಾಕು. ೨೦೨೨ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತನೊಬ್ಬನು ನಾನೂರು ಕಿಲೋಮೀಟರಿಗೂ ದೂರದಿಂದ ಅಲ್ಲಿಗೆ ೨೦೫ ಕಿಲೋ ಈರುಳ್ಳಿಯನ್ನು ತಂದನು. ಕ್ವಿಂಟಲಿಗೆ ೨೦೦ ರೂಪಾಯಿಯಂತೆ ೪೧೦ ರೂಪಾಯಿ ಆಯಿತು. ಹಮಾಲಿಯನ್ನೂ ಲಾರಿ ಬಾಡಿಗೆಯನ್ನೂ ಕಳೆದಾಗ ಆತನ ಕೈಗೆ ಉಳಿದದ್ದು ೮ ರೂಪಾಯಿ ೩೬ ಪೈಸೆ. ಆ ರಸೀದಿ ಪತ್ರಿಕೆಗಳಲ್ಲಿ ಪ್ರಕಟವಾಗಿ ನಾಡನ್ನೆಲ್ಲ ಬೆಚ್ಚಿಬೀಳಿಸಿತು. ಬಿತ್ತನೆಯ ಬೀಜ, ಗೊಬ್ಬರ, ಕಳೆಯ ಕೂಲಿ ಇವಾವುವೂ ಆ ಲೆಕ್ಕದೊಳಗೆ ಸೇರಿರಲಿಲ್ಲ. ತಿಂಗಳುಗಟ್ಟಲೆ ದುಡಿದವನಿಗೆ ಒಂದು ಲೋಟ ಕಾಫಿಯ ಬೆಲೆಯೂ ದೊರೆಯದಿದ್ದಾಗ ನಷ್ಟವಾಗುವುದು ಹಣ ಮಾತ್ರವಲ್ಲ. 'ನನ್ನ ಶ್ರಮಕ್ಕೆ ಬೆಲೆಯಿದೆ' ಎಂಬ ನಂಬಿಕೆಯೇ ನಷ್ಟವಾಗುತ್ತದೆ.

ಈ ಸಂಕಟಕ್ಕೆ ಇತಿಹಾಸವೂ ಇದೆ. ೧೯೮೦ರ ಜುಲೈಯಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರಗಳ ವಿರುದ್ಧ ಬಂಡೆದ್ದರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅಂದು ರೈತನ ದುಃಖಕ್ಕೆ ಬೀದಿಯಲ್ಲಿ ಧ್ವನಿಯಿತ್ತು. ೧೯೯೭-೯೮ರಲ್ಲಿ ಬೀದರ್ ಸೀಮೆಯಲ್ಲಿ ತೊಗರಿಯ ಬೆಳೆ ಕಾಯಿಕೊರಕ ಹುಳುವಿಗೆ ತುತ್ತಾದಾಗ ದುಃಖವು ಬೀದಿಗೆ ಬರಲಿಲ್ಲ; ಒಬ್ಬೊಬ್ಬನೇ ತನ್ನ ಮನೆಯೊಳಗೆ ಸೋತನು. ಆ ಜಿಲ್ಲೆಯ ಆತ್ಮಹತ್ಯೆಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಎ. ಆರ್. ವಾಸವಿಯವರು ಬೇಸಾಯದ ಹೊಣೆಯೆಲ್ಲವೂ ಒಂಟಿ ಕೃಷಿಕನ ತಲೆಯ ಮೇಲೆ ಬಿದ್ದುದನ್ನು ಎತ್ತಿ ತೋರಿಸಿದರು. ಹಿಂದೆ ಬೀಜವನ್ನು ನೆರೆಮನೆಯಿಂದ ಕೇಳಿ ಪಡೆಯುತ್ತಿದ್ದರು; ಮುಯ್ಯಾಳಿನ ಪದ್ಧತಿಯಿಂದ ಕೊಯ್ಲು ಮುಗಿಯುತ್ತಿತ್ತು; ಬೆಳೆ ಹೋದರೆ ಊರಿಗೆಲ್ಲ ಹೋಗುತ್ತಿತ್ತು. ಈಗ ಬೀಜ ಅಂಗಡಿಯದು, ಸಲಹೆ ಅಂಗಡಿಯವನದು, ಸೋಲು ಮಾತ್ರ ತನ್ನೊಬ್ಬನದು.

೨೦೧೫ರಲ್ಲಿ ಬರಗಾಲವೂ ಕಬ್ಬಿನ ಬೆಲೆಯ ಕುಸಿತವೂ ಕೂಡಿ ಬಂದಾಗ ಮಂಡ್ಯದಂತಹ ನೀರಾವರಿ ಜಿಲ್ಲೆಯೇ ತತ್ತರಿಸಿತು. ೨೦೨೨ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು ಮತ್ತು ಕೃಷಿ ಕಾರ್ಮಿಕರ ಸಂಖ್ಯೆ ೧೧,೨೯೦. ಅವರಲ್ಲಿ ೨,೩೯೨ ಮಂದಿ ಕರ್ನಾಟಕದವರು. ಇವು ಅಂಕಿಗಳಲ್ಲ, ಅಷ್ಟು ಒಲೆಗಳು.

ಸಾಲ ಬೆಳೆಯುವ ಕ್ರಮವನ್ನು ಅರಿಯದೆ ರೈತನನ್ನು ಜರೆಯುವುದು ಅನ್ಯಾಯ. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ದೊರೆಯುವುದು ನಿಜ. ಆದರೆ ಅದು ಪಹಣಿಯಲ್ಲಿ ಹೆಸರಿದ್ದವನಿಗೆ, ಹಿಂದಿನ ಬಾಕಿಯನ್ನು ತೀರಿಸಿದವನಿಗೆ. ಗುತ್ತಿಗೆಗೆ ಹೊಲ ಮಾಡಿದವನಿಗೆ ಪಹಣಿಯೆಲ್ಲಿ? ಆತನಿಗೆ ಉಳಿದದ್ದು ಕೈಸಾಲ, ಹೆಂಡತಿಯ ಓಲೆಯ ಅಡವು, ಗೊಬ್ಬರದಂಗಡಿಯ ಉದ್ರಿ, ವಾರದ ಕಂತಿನ ಕಿರುಸಾಲ. ಒಂದನ್ನು ತೀರಿಸಲು ಇನ್ನೊಂದು. ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಮತ್ತೊಂದು ಕೊಳವೆಬಾವಿ. ೨೦೧೮ರ ಸಾಲಮನ್ನಾ ಅನೇಕರಿಗೆ ನೆರವಾಯಿತಾದರೂ ಕಾಗದವಿಲ್ಲದ ಕೈಸಾಲವನ್ನು ಅದು ಮುಟ್ಟಲಿಲ್ಲ. ಕಿರುಸಾಲದ ವಸೂಲಿಯಲ್ಲಿ ನಡೆಯುತ್ತಿದ್ದ ಬಲಾತ್ಕಾರವನ್ನು ತಡೆಯಲು ೨೦೨೫ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹತ್ತು ಜನರ ಎದುರಿಗೆ ಬಾಗಿಲಲ್ಲಿ ನಿಂತು ಕೇಳುವವನ ಮಾತು ಬಡ್ಡಿಗಿಂತಲೂ ಹರಿತ.

೨೦೦೨ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಶ್ರಾಂತ ಕುಲಪತಿ ಡಾ. ಜಿ. ಕೆ. ವೀರೇಶರ ಅಧ್ಯಕ್ಷತೆಯ ಸಮಿತಿಯು ರೈತರ ಆತ್ಮಹತ್ಯೆಗಳ ವಿಚಾರದಲ್ಲಿ ವರದಿಯನ್ನೊಪ್ಪಿಸಿ, ಕುಡಿತ, ಕೌಟುಂಬಿಕ ಕಲಹ ಮೊದಲಾದ ಕಾರಣಗಳನ್ನೂ ಮುಂದಿಟ್ಟಿತು. ಸಾಲದ ಹೊರೆಯನ್ನು ಇದು ಹಗುರ ಮಾಡುತ್ತದೆಂದು ಅನೇಕರು ಆಕ್ಷೇಪಿಸಿದರು. ಅಂದಿನಿಂದ ಇಂದಿನವರೆಗೆ 'ಇದು ಹಣದ ಸಮಸ್ಯೆಯೋ ಮನಸ್ಸಿನ ಸಮಸ್ಯೆಯೋ' ಎಂಬ ವಾದ ನಿಂತಿಲ್ಲ. ಆದರೆ ನಿದ್ರೆಗೆಟ್ಟವನು ಕುಡಿತಕ್ಕೆ ಇಳಿಯುತ್ತಾನೆ, ಕುಡಿತದಿಂದ ಕಲಹ, ಕಲಹದಿಂದ ಒಂಟಿತನ, ಒಂಟಿತನದಿಂದ ತಪ್ಪು ಲೆಕ್ಕಾಚಾರ, ಮತ್ತಷ್ಟು ಸಾಲ. ಮನಸ್ಸಿಗೆ ಮಾತ್ರ ಮದ್ದು ಕೊಟ್ಟು ಸಾಲವನ್ನು ಬಿಡುವುದು ಹೇಗೆ ಅಪೂರ್ಣವೋ, ಸಾಲವನ್ನು ಮಾತ್ರ ತೀರಿಸಿ ಮನಸ್ಸನ್ನು ಮರೆಯುವುದೂ ಹಾಗೆಯೇ ಅಪೂರ್ಣ. ಆಧಿಯೆಂಬ ಪದ ಎರಡನ್ನೂ ಒಂದಾಗಿಯೇ ಹಿಡಿದಿದೆ.

ರೈತನು 'ಮನಸ್ಸು ಸರಿಯಿಲ್ಲ' ಎಂದು ಹೇಳುವವನಲ್ಲ. ಎದೆ ಭಾರ, ತಲೆ ದಿಮ್ಮೆನ್ನುತ್ತದೆ, ಅನ್ನ ಸೇರುವುದಿಲ್ಲ ಎನ್ನುತ್ತಾನೆ. ಸಂತೆಗೆ ಹೋಗುವುದನ್ನು ಬಿಡುತ್ತಾನೆ. ಮದುವೆಮನೆಗೆ ಹೆಂಡತಿಯೊಬ್ಬಳನ್ನೇ ಕಳುಹುತ್ತಾನೆ. ದನಗಳ ಮೈದಡವುವುದನ್ನು ಮರೆಯುತ್ತಾನೆ. ಭಾನುವಾರ ನಂದಿನಿ ಲೇಔಟಿನಿಂದ ಮಗನು ದೂರವಾಣಿಯಲ್ಲಿ "ಹೆಂಗಿದ್ದೀಯಪ್ಪಾ?" ಎಂದು ಕೇಳಿದರೆ "ಎಲ್ಲಾ ಚೆನ್ನಾಗೈತೆ ಕಣಪ್ಪಾ, ನೀನೇನೂ ಯೋಚ್ನೆ ಮಾಡ್‌ಬ್ಯಾಡ" ಎಂಬ ಒಂದೇ ಉತ್ತರ. ಆ ಮಾತಿನ ಹಿಂದಿನ ಮೌನವನ್ನು ಕೇಳಬಲ್ಲವನೇ ವಿದ್ಯಾವಂತ. "ರಾತ್ರಿ ನಿದ್ದೆ ಬರುತ್ತಾ? ಯಾರಿಗೆ ಎಷ್ಟು ಕೊಡಬೇಕು? ಬದುಕೇ ಬೇಡ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುವುದರಿಂದ ಕೇಡು ಹೆಚ್ಚುವುದಿಲ್ಲ, ಕಟ್ಟಿಕೊಂಡ ದುಃಖಕ್ಕೆ ಕೋಡಿ ದೊರೆಯುತ್ತದೆಂದು ಮನೋವೈದ್ಯರು ಹೇಳುತ್ತಾರೆ.

ಚಿಕಿತ್ಸೆಯ ದಾರಿಯನ್ನು ದೇಶಕ್ಕೆ ತೋರಿಸಿದ ಕೀರ್ತಿಯಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿತು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯಂತೆ ಕಾಣದೆ, ತೀವ್ರ ಒತ್ತಡಕ್ಕೆ ಸಿಕ್ಕವನೆಂದು ಭಾವಿಸಿ ಆರೈಕೆ ನೀಡಬೇಕೆಂದು ವಿಧಿಸಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಸಾಂತ್ವನ ಮತ್ತು ಸಲಹೆ ದೊರೆಯುತ್ತದೆ. ಈ ಐದು ಅಂಕೆಗಳನ್ನು ಮಗ್ಗಿಯಂತೆ ಮಕ್ಕಳಿಗೆ ಕಲಿಸಬೇಕು.

ಮಠಾಶ್ರಯದ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಬೆಳೆದದ್ದು ರೈತರ ಮಕ್ಕಳಿಂದ. ಅವರ ಮನೆಗಳ ರಾಗಿ, ಜೋಳಗಳ ಕಾಣಿಕೆಯಿಂದ. ಆದುದರಿಂದ ಈ ಋಣ ಎರಡು ಕಡೆಯದು. ತರಗತಿಯಲ್ಲಿ ಇದ್ದಕ್ಕಿದ್ದಂತೆ ಮಂಕಾದ ಹುಡುಗನನ್ನು ಗದರಿಸುವ ಮೊದಲು ಆತನ ಊರಿನಲ್ಲಿ ಮಳೆಯಾಯಿತೇ ಎಂದು ಉಪಾಧ್ಯಾಯನು ವಿಚಾರಿಸಲಿ. ಶುಲ್ಕದ ಬಾಕಿಯನ್ನು ಸಹಪಾಠಿಗಳೆದುರು ಓದದಿರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನವರು, ವಕೀಲರು, ವೈದ್ಯರು ಇದ್ದಾರೆ. ತಿಂಗಳಿಗೊಂದು ದಿನ ಊರ ಕಟ್ಟೆಯಲ್ಲಿ ಕುಳಿತು ಸಾಲದ ಕಾಗದಗಳನ್ನು ಓದಿ ಹೇಳಿದರೆ, ಬೆದರಿಸುವವನ ಎದುರು ಕಾನೂನಿನ ಮಾತಾಡಿದರೆ, ಅದು ಲಕ್ಷ ರೂಪಾಯಿಯ ದೇಣಿಗೆಗೆ ಸಮ. ಕೊಡುವವನ ಹೆಸರು ಪಡೆಯುವವನಿಗೆ ತಿಳಿಯದಂತೆ ಕೊಡುವುದು ದಾಸೋಹದ ಮರ್ಮ. ಮಾನವೇ ಪ್ರಾಣವಾಗಿರುವ ರೈತನ ವಿಷಯದಲ್ಲಂತೂ ಬೇರೆ ರೀತಿಯಿಲ್ಲ.

ಒತ್ತೆಯಿಟ್ಟ ಹೊಲವನ್ನು ಇಂದಲ್ಲ ನಾಳೆ ಬಿಡಿಸಿಕೊಳ್ಳಬಹುದು. ಮಾರಿದ ಎತ್ತಿನ ಬದಲು ಇನ್ನೊಂದು ಎತ್ತು ಬಂದೀತು. ಹೋದ ಮನುಷ್ಯನನ್ನು ಬಿಡಿಸಿ ತರುವ ಸಹಕಾರ ಸಂಘ ಎಲ್ಲಿಯೂ ಇಲ್ಲ. ಈ ಸಣ್ಣ ಸತ್ಯವನ್ನು ಹೊಲದ ಬದುವಿನಲ್ಲಿ ಒಂಟಿಯಾಗಿ ಕುಳಿತವನ ಕಿವಿಗೆ, ಸಕಾಲದಲ್ಲಿ, ಆತನ ಮಾತಿನಲ್ಲಿಯೇ ಮುಟ್ಟಿಸುವವರು ಬೇಕಾಗಿದ್ದಾರೆ.