ತಿರುಗುವ ಲೈಟು ತಗೊಳ್ಳುವ ಮೊದಲು

ಈಗ ನಮ್ಮ ಕುಲಶೇಖರದಲ್ಲಿ ಮದರಂಗಿ ಆಗ್ಲಿ, ಕ್ರಿಶ್ಚಿಯನ್ನರ ಮನೆಯ ರೋಸ್ ಆಗ್ಲಿ, ಮಗುವಿನ ಬರ್ತ್‌ಡೇ ಆಗ್ಲಿ, ಒಂದು ತಿರುಗುವ ಲೈಟು ಇಲ್ಲದಿದ್ರೆ ಮಕ್ಕಳಿಗೆ ಗಮ್ಮತ್ತೇ ಇಲ್ಲ. ಗೋಡೆ ಮೇಲೆ, ಶಾಮಿಯಾನದ ಬಟ್ಟೆ ಮೇಲೆ ಹೂವಿನ ಹಾಗೆ, ನಕ್ಷತ್ರದ ಹಾಗೆ ಬಣ್ಣ ಓಡ್ತಾ ಇರ್ತದಲ್ಲ, ಅದೇ. ಲೈಟಿನವರು ಅದಕ್ಕೆ ಮೂವಿಂಗ್ ಹೆಡ್ ಅಂತ ಹೇಳುದು. ಕೆಲವರು ಎಲ್ಲದಕ್ಕೂ ಶಾರ್ಪಿ ಅಂತಲೇ ಹೇಳ್ತಾರೆ. ಶಾರ್ಪಿ ಅಂದ್ರೆ ನಿಜವಾಗಿ ಇಟಲಿಯ ಕ್ಲೇ ಪಾಕಿ ಕಂಪೆನಿ 2010ರಲ್ಲಿ ತಂದ ಒಂದು ದೊಡ್ಡ ಲೈಟಿನ ಹೆಸರು. ನಾವು ಯಾವ ಮೆಷಿನ್ ಆದ್ರೂ ಜೆರಾಕ್ಸ್ ಹೇಳುದಿಲ್ವಾ, ಹಾಗೆ.

ಇದೆಲ್ಲ ನನಗೆ ಎಂತಕ್ಕೆ ಅಂತ ಕೇಳ್ಬಹುದು. ನನ್ನ ತಂಗಿಯ ಮಗ ಮೂರು ವರ್ಷದಿಂದ ಲೈಟಿಂಗ್ಸಿನವರ ಜೊತೆ ದಿನಗೂಲಿಗೆ ಹೋಗ್ತಾನೆ. ರಾತ್ರಿ ಎರಡು ಗಂಟೆಗೆ ವಯರ್ ಸುತ್ತಿ ಮನೆಗೆ ಬರುದು. ಈಗ ಅವನಿಗೆ ಸ್ವಂತ ಮಾಡ್ಬೇಕು. ನಾಲ್ಕು ಸಣ್ಣ ಎಲ್‌ಇಡಿ ಮೂವಿಂಗ್ ಹೆಡ್, ಒಂದಕ್ಕೆ 8,500 ರೂಪಾಯಿ, ವಯರ್ ಸ್ಟ್ಯಾಂಡ್ ಎಲ್ಲ ಸೇರಿ 40,000. ದುಡ್ಡು ಎಲ್ಲಿಂದ? ತಂಗಿಯ ಸ್ವಸಹಾಯ ಸಂಘದಿಂದ, ತಂಗಿಯ ಹೆಸರಲ್ಲಿ ಸಾಲ. ವಾರಕ್ಕೆ ಒಂಬೈನೂರು ಚಿಲ್ಲರೆ ಕಂತು. ಅವಳು ಬೀಡಿ ಕಟ್ಟಿ, ಮಲ್ಲಿಗೆ ಮಾರಿ ಸಂಸಾರ ದಾಟಿಸಿದವಳು. "ಅಕ್ಕ, ನೀನು ಒಮ್ಮೆ ನೋಡಿ ಹೇಳು" ಅಂದಳು. ನೋಡಿ ಹೇಳುದು ಅಂದ್ರೆ ಹೇಗೆ? ಅಂಗಡಿಯ ಕತ್ತಲೆ ರೂಮಿನಲ್ಲಿ ಹೊಗೆ ಬಿಟ್ಟು ತೋರಿಸಿದ್ರೆ ಟಾರ್ಚೂ ಚಂದ ಕಾಣ್ತದೆ. ಅದೇ ಮಾಡೆಲ್ ಅವನ ಒಬ್ಬ ದೋಸ್ತಿಯ ಹತ್ರ ಇತ್ತು. ನಾಲ್ಕು ದಿನಕ್ಕೆ ಕೇಳಿ ತಾ, ನಮ್ಮ ಹಾಲಿನಲ್ಲಿ ಇಡು ಅಂದೆ.

ಮೊದಲು ಕರೆಂಟು. ಡಬ್ಬದ ಮೇಲೆ 150 ವ್ಯಾಟ್ ಅಂತ ದೊಡ್ಡ ಅಕ್ಷರ. ಇದನ್ನು ಪರೀಕ್ಷೆ ಮಾಡ್ಲಿಕ್ಕೆ ಎಂತ ಮೆಷಿನೂ ಬೇಡ, ಮನೆಯ ಮೆಸ್ಕಾಂ ಮೀಟರ್ ಸಾಕು. ಹೊಸ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಾ ಇರ್ತದೆ, ನೋಡಿರ್ತೀರಿ. ಅದರ ಮೈಮೇಲೆ ಒಂದು ಯೂನಿಟಿಗೆ ಎಷ್ಟು ಸಲ ಮಿನುಗ್ತದೆ ಅಂತ ಬರೆದಿರ್ತದೆ. ನಮ್ಮದರಲ್ಲಿ 3200, ನಿಮ್ಮದರಲ್ಲಿ ಬೇರೆ ಇರಬಹುದು. ಫ್ರಿಜ್, ಇನ್‌ವರ್ಟರ್, ಫ್ಯಾನ್, ಟಿವಿ ಎಲ್ಲ ಆಫ್ ಮಾಡಿ ಈ ಲೈಟು ಒಂದನ್ನೇ ಹಾಕಿದೆವು. ನಾನು ಮೀಟರಿನ ಎದುರು ಸ್ಟೂಲ್ ಹಾಕಿ ಕೂತೆ, ಅವನು ಮೊಬೈಲಿನಲ್ಲಿ ಟೈಮ್ ಇಟ್ಟ. ಹತ್ತು ನಿಮಿಷಕ್ಕೆ 48 ಸಲ. ಗಂಟೆಗೆ 288. ಅದನ್ನು 3200ರಿಂದ ಭಾಗಿಸಿದ್ರೆ 0.09 ಯೂನಿಟ್, ಅಂದ್ರೆ 90 ವ್ಯಾಟ್. 150 ಆಗಿದ್ರೆ ಹತ್ತು ನಿಮಿಷದಲ್ಲಿ 80 ಸಲ ಮಿನುಗ್ಬೇಕಿತ್ತು. ಆ ತೊಂಬತ್ತರಲ್ಲಿಯೂ ಒಳಗಿನ ಫ್ಯಾನ್, ತಲೆ ತಿರುಗಿಸುವ ಮೋಟರ್ ಎಲ್ಲ ಉಣ್ಣುದು ಉಂಟು, ಬೆಳಕಿಗೆ ಸಿಗುದು ಇನ್ನೂ ಕಡಿಮೆ. ಹುಡುಗ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ನಾನು ಅವನಿಗೆ ಇದರ ಒಳ್ಳೆಯ ಬದಿಯನ್ನೂ ಹೇಳಿದೆ: ಐದು ಗಂಟೆ ಎರಡು ಲೈಟು ಉರಿದ್ರೂ ಒಂದು ಯೂನಿಟ್ ಮುಗಿಯುದಿಲ್ಲ. ಹಿಂದೆ ಸ್ಟೇಜಿನ ಎದುರು ಸಾವಿರ ವ್ಯಾಟಿನ ಹ್ಯಾಲೊಜನ್ ಇಡ್ತಿದ್ರಲ್ಲ, ಅದು ಒಂದೇ ಒಂದು ಗಂಟೆಗೆ ಒಂದು ಯೂನಿಟ್ ತಿನ್ನುದು. ಮನೆಯ ಪ್ಲಗ್ಗಿನಲ್ಲೇ ನಡೀತದೆ ಅನ್ನುದು ಅಂಗಳದ ಕಾರ್ಯಕ್ರಮಕ್ಕೆ ದೊಡ್ಡ ಅನುಕೂಲ.

ಆಮೇಲೆ ದೂರ. ಎಂಟು ಅಡಿ ದೂರದಿಂದ ಗೋಡೆಗೆ ಬಿಟ್ಟಾಗ ಎರಡು ಅಡಿಯ ವೃತ್ತ, ಬೆಳ್ಳಗೆ ಕಣ್ಣು ಕುಕ್ಕುವ ಹಾಗೆ. ಹದಿನಾರು ಅಡಿಗೆ ನಾಲ್ಕು ಅಡಿ ವೃತ್ತ, ಬೆಳಕು ಮಾತ್ರ ಕಾಲು ಭಾಗ. ಒಂದು ಸೌಟು ಹಿಟ್ಟು ಸಣ್ಣ ದೋಸೆ ಮಾಡಿದ್ರೆ ದಪ್ಪ, ಅದನ್ನೇ ಕಾವಲಿ ತುಂಬ ಹರಡಿದ್ರೆ ತೆಳು ಅಲ್ವಾ. ದೂರ ಎರಡರಷ್ಟು ಆದ್ರೆ ಜಾಗ ನಾಲ್ಕರಷ್ಟು ಆಗ್ತದೆ, ಹಿಟ್ಟು ಅಷ್ಟೇ. ತಾರಸಿಗೆ ತಗೊಂಡು ಹೋಗಿ ನಲವತ್ತು ಅಡಿ ಆಚೆಯ ಕಂಪೌಂಡಿಗೆ ಬಿಟ್ಟೆವು. ಬೀದಿ ದೀಪ ಉರೀತಾ ಇತ್ತು, ಹೂವಿನ ಚಿತ್ರ ಉಂಟೋ ಇಲ್ವೋ ಅಂತ ಹುಡುಕುವ ಹಾಗೆ ಆಯ್ತು. ಹಾಗಾಗಿ ಸಣ್ಣ ಹಾಲ್, ತಾರಸಿಯ ಶಾಮಿಯಾನ, ಮನೆ ಅಂಗಳ, ಇಷ್ಟಕ್ಕೆ ಇದು ಧಾರಾಳ. ಮೈದಾನಕ್ಕೆ ಆಗ್ಲಿಕ್ಕಿಲ್ಲ. ಮತ್ತೆ ಸಿನಿಮಾದಲ್ಲಿ ಕಾಣುವ ಹಾಗೆ ಗಾಳಿಯಲ್ಲಿ ಬೆಳಕಿನ ಕೋಲು ನಿಲ್ಬೇಕಾದ್ರೆ ಹೊಗೆ ಬೇಕೇ ಬೇಕು. ನಮ್ಮ ಅಂಗಳದಲ್ಲಿ ಸಂಜೆ ಸಮುದ್ರದ ಕಡೆಯ ಗಾಳಿ ಬೀಸಿದ್ರೆ ಹೊಗೆ ಆಚೆ ಮನೆಯ ಅಡಿಗೆಕೋಣೆಗೆ ಹೋಗ್ತದೆ, ಕೋಲು ಕಾಣುದಿಲ್ಲ. ಗೋಡೆ, ಬಟ್ಟೆ, ಮಾಡಿನ ಅಡಿಭಾಗ, ತೆಂಗಿನ ಮರದ ಗರಿ, ಇವುಗಳ ಮೇಲೆ ಬಿಟ್ಟರೆ ಚಂದ.

ನನಗೆ ಎಲ್ಲಕ್ಕಿಂತ ಮುಖ್ಯ ಆದದ್ದು ಮುಖ. ಮದರಂಗಿ ಅಂದ್ರೆ ಹುಡುಗಿಯ ಕೈಯನ್ನು ನೋಡುವ ಕಾರ್ಯಕ್ರಮ. ಹಾಗಾಗಿ ಒಂದು ತಟ್ಟೆಯಲ್ಲಿ ಅರಸಿನ, ಒಂದು ಚೆಂಡು ಮಲ್ಲಿಗೆ, ಅಬ್ಬಲಿಗೆ, ನನ್ನ ಧಾರೆ ಸೀರೆ, ಕುತ್ತಿಗೆಯ ಸರ ಎಲ್ಲ ಇಟ್ಟು ಲೈಟು ಬಿಟ್ಟೆ. ತಂಗಿ ನಗಾಡಿದಳು, ಪೂಜೆಗೆ ಇಟ್ಟ ಹಾಗೆ ಉಂಟು ಅಂತ. ಮಲ್ಲಿಗೆ ಮಾತ್ರ ಆಹಾ, ನೀಲಿ ಮಿಶ್ರ ಬಿಳಿ. ಅಬ್ಬಲಿಗೆಯ ಕೇಸರಿ ಸತ್ತೇ ಹೋಯ್ತು. ಕೆಂಪು ಸೀರೆ ಕಂದು ಬಣ್ಣ, ಚಿನ್ನ ಹಿತ್ತಾಳೆಯ ಹಾಗೆ. ಕಾರಣ ಉಂಟು. ಬಿಳಿ ಎಲ್‌ಇಡಿಯ ಒಳಗೆ ನಿಜವಾಗಿ ಇರುದು ನೀಲಿ ದೀಪ, ಅದರ ಮೇಲೆ ಹಳದಿ ಪುಡಿಯ ಲೇಪ. ಎರಡೂ ಸೇರಿ ಕಣ್ಣಿಗೆ ಬಿಳಿ. ಆ ನೀಲಿ ದೀಪವನ್ನು ಕಂಡುಹಿಡಿದದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ನೊಬೆಲ್ ಬಂದದ್ದು. ಸೋವಿ ಲೈಟಿನಲ್ಲಿ ಈ ಬಿಳಿಯೊಳಗೆ ಕೆಂಪು ಅಂಶ ಬಹಳ ಕಮ್ಮಿ. ನಮ್ಮ ಮೈಬಣ್ಣ, ಅರಸಿನ, ಚಿನ್ನ, ಮದರಂಗಿ ಎಲ್ಲ ಕೆಂಪು ಹಳದಿಯ ಕಡೆಯವೇ. ಲೈಟಿನ ಬಣ್ಣದ ಚಕ್ರವನ್ನು ನೀಲಿಗೆ ತಿರುಗಿಸಿದಾಗ ಸೊಸೆಯ ಕೈಯ ಮದರಂಗಿ ಮಸಿ ಮೆತ್ತಿದ ಹಾಗೆ ಕಂಡಿತು.

ನಾವು ಸಣ್ಣದಿರುವಾಗ ಬಯಲಾಟಕ್ಕೆ ಗ್ಯಾಸ್‌ಲೈಟು ಇತ್ತು. ಮಧ್ಯ ಮಧ್ಯ ಒಬ್ಬ ಬಂದು ಪಂಪ್ ಹೊಡೆದು ಹೋಗುದು. ಆ ಬೆಳಕಿನಲ್ಲಿ ಬಣ್ಣದ ವೇಷದ ಕೆಂಪು ಕೆಂಡದ ಹಾಗೆ ಇರ್ತಿತ್ತು. ಈಗ ಕೆಲವು ಆಟಗಳಲ್ಲಿ ನೀಲಿ ಹಸಿರು ಲೈಟು ಮುಖಕ್ಕೇ ಬಿಟ್ಟು ವೇಷದವರು ಮೂರು ಗಂಟೆ ಕೂತು ಬರೆದ ಬಣ್ಣವನ್ನು ಹಾಳು ಮಾಡ್ತಾರೆ. ಇದು ನನ್ನ ಹಳೆಯ ಪಿರಿಪಿರಿ, ಇರಲಿ.

ಇನ್ನೊಂದು, ಮೊಬೈಲ್. ಬೆಳಕು ಕಡಿಮೆ ಮಾಡಿ ವೀಡಿಯೋ ತೆಗೆದು ನೋಡಿ ಅಂತ ಅವನಿಗೇ ಗೊತ್ತಿತ್ತು. ತೆಗೆದಾಗ ಪರದೆಯಲ್ಲಿ ಕಪ್ಪು ಪಟ್ಟೆ ಓಡ್ತಾ ಇತ್ತು. ಸೋವಿ ಎಲ್‌ಇಡಿ ಮಂದ ಮಾಡುದು ಅಂದ್ರೆ ಬಹಳ ಬೇಗ ಬೇಗ ಆಫ್ ಆನ್ ಮಾಡುದು. ಕಣ್ಣಿಗೆ ತಿಳಿಯುದಿಲ್ಲ, ಕ್ಯಾಮೆರಾ ಹಿಡೀತದೆ. ಪೂರ್ತಿ ಬೆಳಕಿಗೆ ಇಟ್ಟಾಗ ಪಟ್ಟೆ ಹೋಯ್ತು. ಮದುವೆ ಮನೆಯಲ್ಲಿ ಇನ್ನೂರು ಮೊಬೈಲ್ ಇರ್ತದೆ, ಇದನ್ನು ನೋಡದೆ ತಗೊಳ್ಬೇಡಿ.

ಸೌಂಡ್ ಮೋಡ್ ಅಂತ ಒಂದುಂಟು, ಹಾಡಿಗೆ ಸರಿಯಾಗಿ ತಾನೇ ಕುಣಿಯುದಂತೆ. ಒಳಗೆ ಸಣ್ಣ ಮೈಕ್. ಅದನ್ನು ಹಾಕಿಟ್ಟು ನಾನು ಅಡಿಗೆಕೋಣೆಗೆ ಹೋದೆ, ಕುಕ್ಕರ್ ಸೀಟಿ ಹೊಡೆದದ್ದಕ್ಕೆ ಹಾಲಿನಲ್ಲಿ ಲೈಟು ತಲೆ ತಿರುಗಿಸಿ ಹಸಿರಾಯ್ತು! ಮಿಕ್ಸಿಗೂ ಕುಣಿತ. ಅಂದ್ರೆ ಅದಕ್ಕೆ ತಾಳ ಗೊತ್ತಿಲ್ಲ, ಸದ್ದು ಮಾತ್ರ ಗೊತ್ತು. ಮತ್ತೆ ರಾತ್ರಿ ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸ್ಬೇಕು ಅಂತ ಕಾನೂನು ಉಂಟಲ್ಲ, ಆಗ ಇದೂ ಪೆಚ್ಚಾಗಿ ನಿಲ್ತದೆ. ಆಟೋಗೆ ಹಾಕುದನ್ನು ಮರೀಬಾರದು. ನಾಲ್ಕೈದು ಲೈಟು ಒಟ್ಟಿಗೆ ಹೇಳಿದ ಹಾಗೆ ಕೇಳ್ಬೇಕಾದ್ರೆ ಡಿಎಂಎಕ್ಸ್ ವಯರ್, ಕಂಟ್ರೋಲರ್ ಬೇಕು. ಒಂದು ವಯರಿನಲ್ಲಿ 512 ಚಾನೆಲ್. ಈ ಲೈಟಿಗೆ 11 ಬೇಕು, ಹಾಗಾಗಿ ಮೊದಲನೆಯದಕ್ಕೆ 1, ಎರಡನೆಯದಕ್ಕೆ 12, ಮೂರನೆಯದಕ್ಕೆ 23 ಅಂತ ಮನೆ ನಂಬರಿನ ಹಾಗೆ ಕೊಡುದು. ಇದರಲ್ಲಿ ಹುಡುಗ ನಿಪುಣ, ನಾನು ಬಾಯಿ ಹಾಕ್ಲಿಲ್ಲ.

ಪಟಪಟ ಮಿಂಚುವ ಮೋಡಿಗೆ ಮಾತ್ರ ಬಾಯಿ ಹಾಕಿದೆ. ಸೆಕೆಂಡಿಗೆ ಮೂರರಿಂದ ಮೂವತ್ತು ಸಲ ಮಿಂಚುವ ಬೆಳಕು ಕೆಲವು ಅಪಸ್ಮಾರ ಇದ್ದವರಿಗೆ ಫಿಟ್ಸ್ ತರಿಸ್ತದೆ. ಮದುವೆಗೆ ಬಂದವರಲ್ಲಿ ಯಾರಿಗೆ ಎಂತ ಉಂಟು ಅಂತ ಲೈಟಿನವನಿಗೆ ಹೇಗೆ ಗೊತ್ತಾಗ್ಬೇಕು? ಆ ಬಟನ್ ಮುಟ್ಟುದೇ ಬೇಡ ಅಂದೆ. ಅವನು, "ದೊಡ್ಡಮ್ಮ, ಡಿಜೆಯವರು ಕೇಳ್ತಾರೆ" ಅಂದ. ಕೇಳ್ಲಿ. ಇಲ್ಲ ಹೇಳುದನ್ನೂ ಕಲೀಬೇಕು.

ಕರೆಂಟು ಹೋಗಿ ಬಂದಾಗ ಎಂತ ಆಗ್ತದೆ? ಹತ್ತು ಸಲ ಸ್ವಿಚ್ ಆಫ್ ಆನ್ ಮಾಡಿದೆ. ಪ್ರತಿ ಸಲ ಕುತ್ತಿಗೆ ಪೂರ್ತಿ ಆಚೆ ಈಚೆ ತಿರುಗಿಸಿ, ತಲೆ ಎತ್ತಿ ಇಳಿಸಿ, ಅರ್ಧ ನಿಮಿಷದ ಮೇಲೆ ಸರಿ ಆಗುದು. ಎಂಟನೆಯ ಸಲ ಗರಗರ ಸದ್ದು ಮಾಡಿ ಹೂವಿನ ಚಿತ್ರ ಓರೆ ನಿಂತಿತು, ಇನ್ನೊಮ್ಮೆ ಆಫ್ ಮಾಡಿದ ಮೇಲೆ ಸರಿ ಆಯ್ತು. ದೊಡ್ಡ ಡಿಸ್ಚಾರ್ಜ್ ಬಲ್ಬಿನ ಲೈಟು ಆದ್ರೆ ಬಿಸಿ ಇಳಿಯುವ ತನಕ ಹತ್ತುದೇ ಇಲ್ಲ, ಅದಕ್ಕೆ ನೋಡಿದ್ರೆ ಇದು ಅಡ್ಡಿಲ್ಲ. ನಾಲ್ಕು ಗಂಟೆ ಬಿಡದೆ ಉರಿಸಿದ್ದರಲ್ಲಿ ತಲೆಯ ಹಿಂಬದಿ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ, ಆದ್ರೆ ನಿಲ್ಲಲಿಲ್ಲ. ಫ್ಯಾನಿನ ಸದ್ದು ಹಾಡಿನ ನಡುವೆ ಕೇಳುದಿಲ್ಲ. ಧಾರೆಯ ಮಂತ್ರ ಹೇಳುವಾಗ ಹತ್ತಿರ ಇಟ್ರೆ ಕೇಳ್ತದೆ.

ತೂಕ ನಾಲ್ಕು ಕಿಲೋ. ಅದನ್ನು ಹಿಡ್ಕೊಂಡು ತೂಕದ ಮೆಷಿನ್ ಹತ್ತಿ ನೋಡಿದ್ದು. ದೋಸ್ತಿ ಇದನ್ನು ಶಾಮಿಯಾನದ ಕಂಬಕ್ಕೆ ಬೈಂಡಿಂಗ್ ವಯರಿನಲ್ಲಿ ಕಟ್ಟುದಂತೆ! ತಲೆ ರಪಕ್ಕ ತಿರುಗುವಾಗ ಇಡೀ ಲೈಟು ಅಲುಗಾಡ್ತದೆ, ಅಡಿಯಲ್ಲಿ ಮಕ್ಕಳು ಕುಣೀತಿರ್ತಾರೆ. ಕ್ಲ್ಯಾಂಪ್ ಹಾಕಿ, ಮೇಲಿಂದ ಉಕ್ಕಿನ ಸೇಫ್ಟಿ ಹಗ್ಗ ಬೇರೆ ಹಾಕದೆ ತಲೆ ಮೇಲೆ ಕಟ್ಟುವ ಹಾಗಿಲ್ಲ. ಅದು ಇಲ್ಲದ ದಿನ ಬದಿಯಲ್ಲಿ ಗಟ್ಟಿ ಮೇಜಿನ ಮೇಲೆ ಇಡುದು.

ಆಮೇಲೆ ನಾವು ಮೂವರು ಕೂತು ಲೆಕ್ಕ ಹಾಕಿದೆವು. ಜೋಡಿ ಲೈಟಿಗೆ ರಾತ್ರಿಗೆ 1,500 ಸಿಗ್ತದಂತೆ, ಅದರಲ್ಲಿ ಆಟೋ ಬಾಡಿಗೆ, ಹೆಲ್ಪರ್ ಹೋಗಿ ಎಂಟುನೂರು ಉಳಿದ್ರೆ ಪುಣ್ಯ. ಸೀಸನಿನಲ್ಲಿ ವಾರಕ್ಕೆ ಎರಡು ಮದರಂಗಿ ಬರಬಹುದು. ಮಳೆ ಹಿಡಿದ ಮೇಲೆ ಅಂಗಳದ ಕಾರ್ಯಕ್ರಮ ಕಮ್ಮಿ, ಆಟಿ ತಿಂಗಳಿನಲ್ಲಂತೂ ನಮ್ಮಲ್ಲಿ ಮದುವೆಯೇ ಇಲ್ಲ. ಸಂಘದ ಕಂತಿಗೆ ಆಟಿ ಇಲ್ಲ. ವಾರ ಬಂದ ಕೂಡ್ಲೇ ಪುಸ್ತಕ ಹಿಡ್ಕೊಂಡು ಹೋಗಿ ಕೂರ್ಬೇಕಾದವಳು ತಂಗಿ. ನಮ್ಮ ಕಡೆಯ ಅಂಗಳಗಳಿಗೆ ಜೋಡಿ ಲೈಟೇ ಸಾಕು, ನಾಲ್ಕು ಹಾಕಿದ್ರೆ ಒಂದರ ಮೇಲೊಂದು ಬಿದ್ದು ಚಿತ್ರವೇ ಕಾಣುದಿಲ್ಲ. ಆದ್ರೆ ಮುಖಕ್ಕೆ ಬೆಳಕು ಬೇಕು. ಅದಕ್ಕೆ ವಾರ್ಮ್ ಬಿಳಿಯ ಪಾರ್ ಲೈಟು, ತಿರುಗುದಿಲ್ಲ, ಸುಮ್ಮನೆ ಹಳದಿ ಬಿಳಿ ಬೆಳಕು ಕೊಡ್ತಾ ಇರ್ತದೆ, ಒಂದಕ್ಕೆ 1,500. ತಿರುಗುವುದು ಎರಡು 17,000, ಪಾರ್ ನಾಲ್ಕು 6,000, ಕ್ಲ್ಯಾಂಪ್, ಸೇಫ್ಟಿ ಹಗ್ಗ, ವಯರಿಗೆ 4,000. ಒಟ್ಟು 27,000. ಸಾಲ ಅಷ್ಟೇ ತೆಗೆದದ್ದು. ಹುಡುಗನಿಗೆ ಮೊದಲು ಮುಖ ಊದಿತ್ತು. ಎರಡನೆಯ ಮದರಂಗಿಯಲ್ಲಿ ಫೋಟೋದವ ಅವನ ನಂಬರ್ ಕೇಳಿ ತಗೊಂಡ, "ಮುಖ ಕಾಣುವ ಲೈಟು ಹಾಕುವವ ನೀನೊಬ್ಬನೇ ಮಾರಾಯ" ಅಂತ. ಅಂದಿನಿಂದ ಸ್ವಲ್ಪ ಇಳಿದದ್ದು.

ಮಳೆಗಾಲಕ್ಕೆ ಒಂದು ಕೆಲಸ ಉಂಟು, ಲೈಟು ಇದ್ದವರು ಕೇಳಿ. ಡಬ್ಬದಲ್ಲಿ ಕಟ್ಟಿಟ್ಟು ಮರೆತ್ರೆ ನಮ್ಮ ಊರಿನ ತೇವಕ್ಕೆ ಗಾಜಿನ ಒಳಗೆ ಬೂಸುರು, ಸ್ಕ್ರೂಗಳಿಗೆ ತುಕ್ಕು. ವಾರಕ್ಕೊಮ್ಮೆ ಅರ್ಧ ಗಂಟೆ ಉರಿಸ್ಬೇಕು, ಫ್ಯಾನಿನ ಜಾಲರಿಯ ಧೂಳು ಬ್ರಷ್ಷಿನಲ್ಲಿ ತೆಗೀಬೇಕು, ಡಬ್ಬದಲ್ಲಿ ಸಿಲಿಕಾ ಪೊಟ್ಟಣ ಹಾಕ್ಬೇಕು. ಹೊಸ ಬ್ಯಾಗ್, ಚಪ್ಪಲಿಯ ಜೊತೆ ಬರುವ ಪೊಟ್ಟಣಗಳನ್ನು ಎಸೀಬೇಡಿ, ನಮ್ಮ ಮನೆಗೆ ಕಳಿಸಿ.

ಈಗ ಮೊಸರು ಕುಡಿಕೆಗೆ ಕೇಳಿದ್ದಾರೆ, ಬೀದಿಯ ಸ್ಟೇಜಿಗೆ, ಒಳ್ಳೆ ದುಡ್ಡು. ಲೈಟಿನ ಹಿಂದೆ ಐಪಿ 20 ಅಂತ ಬರೆದಿದೆ. ಆ ಸೊನ್ನೆಯ ಅರ್ಥ ನೀರಿನಿಂದ ಎಂತ ರಕ್ಷಣೆಯೂ ಇಲ್ಲ ಅಂತ. ಪ್ಲಾಸ್ಟಿಕ್ ಸುತ್ತುತ್ತೇನೆ ಅಂದ. ಸುತ್ತಿದ್ರೆ ಫ್ಯಾನಿಗೆ ಗಾಳಿ ಇಲ್ಲ, ಒಳಗೇ ಬೇಯ್ತದೆ. ಸುತ್ತದಿದ್ರೆ ಮಳೆ, ಕೆಳಗೆ ಒದ್ದೆ ನೆಲದಲ್ಲಿ ಕುಡಿಕೆ ಒಡೆಯುವ ಹುಡುಗರು, ಕರೆಂಟಿನ ವಯರ್. ತಂಗಿ ಅವನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ. ಸಂಜೆ ಅವನೇ ಫೋನ್ ಮಾಡಿ, ಹಾಲಿನ ಒಳಗಿನ ಮಕ್ಕಳ ಕೃಷ್ಣವೇಷ ಸ್ಪರ್ಧೆಗೆ ಮಾತ್ರ ಕೊಡ್ತೇನೆ, ಹೊರಗೆ ಆಗುದಿಲ್ಲ ಅಂತ ಹೇಳಿದ. ಅದಕ್ಕೆ ಅರ್ಧ ದುಡ್ಡು. ಒಪ್ಪಿದ್ದಾರೆ.