ಅಜ್ಜಿಯ ಒಟಿಪಿ

ನಮ್ಮ ಕಡೆ ಯಾವ ಮನೆಗೆ ಹೋದರೂ ಬೀರುವಿನಲ್ಲಿ ಜವಳಿ ಅಂಗಡಿಯ ಒಂದು ದಪ್ಪ ಕವರ್ ಇರುತ್ತದೆ. ಒಳಗೆ ಸೀರೆ ಇರುವುದಿಲ್ಲ. ಯಜಮಾನರ ಇಸಿಜಿ, ಯಜಮಾನಿಯ ಶುಗರ್ ರಿಪೋರ್ಟು, ಯಾವ ಕಾಲದ್ದೋ ಎಕ್ಸ್‌ರೇ, ಸೊಸೆಯ ತಾಯಿ ಕಾರ್ಡು, ಹೆಸರು ಮರೆತೀತೆಂದು ಎತ್ತಿಟ್ಟ ಖಾಲಿ ಮಾತ್ರೆಯ ಶೀಟು, ಅಕ್ಷರವೆಲ್ಲ ಮಾಸಿ ಬೆಳ್ಳಗಾದ ಲ್ಯಾಬಿನ ಚೀಟಿ ಎಲ್ಲವೂ ಅದರಲ್ಲೇ. ಡಾಕ್ಟರು ‘ಹಳೇದೇನಾದ್ರೂ ಇದೆಯಾ?’ ಅಂದರೆ ಸಾಕು, ಕವರು ಮೇಜಿನ ಮೇಲೆ ಬೋರಲಾಗುತ್ತದೆ. ಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಡಾಕ್ಟರು ಸುಮ್ಮನೆ ಹೊಸ ಟೆಸ್ಟು ಬರೆಯುತ್ತಾರೆ.

ಈ ಕವರಿಗೆ ನಿವೃತ್ತಿ ಕೊಡಿಸಲೆಂದೇ ಬಂದದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿತು. ತಲೆಗೊಂದು 14 ಅಂಕಿಯ ಆಭಾ ಸಂಖ್ಯೆ, ರಿಪೋರ್ಟುಗಳೆಲ್ಲ ಅದಕ್ಕೆ ಜೋಡಣೆ. ಐದು ಲಕ್ಷದವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ಆದರೆ ಇದನ್ನು ಅದೆಂದು ತಿಳಿದು ‘ನಂಬರ್ ಇದೆಯಲ್ರೀ, ಮತ್ತೆ ಬಿಲ್ ಯಾಕೆ?’ ಎಂದು ಕೇಳುವವರನ್ನು ಯಾವ ಆಸ್ಪತ್ರೆಯ ಕೌಂಟರಿನಲ್ಲೂ ನೋಡಬಹುದು.

ಈ ಏರ್ಪಾಟಿನಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದುಂಟು. ಎಲ್ಲರ ಕಾಯಿಲೆಯನ್ನೂ ದೆಹಲಿಗೆ ಹೊತ್ತೊಯ್ದು ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ಹಾಸನದ ಲ್ಯಾಬಿನ ರಿಪೋರ್ಟು ಹಾಸನದಲ್ಲೇ ಇರುತ್ತದೆ. ಮೈಸೂರಿನ ಡಾಕ್ಟರು ಕೇಳಿದಾಗ ರೋಗಿಯ ಒಪ್ಪಿಗೆ ಪಡೆದು ಅಲ್ಲಿಂದ ಇಲ್ಲಿಗೆ ಬರುತ್ತದೆ. ಎಲ್ಲವನ್ನೂ ಒಂದೇ ಕಡೆಯಿಂದ ನಡೆಸಲು ಹೋದವರ ಪಾಡನ್ನೂ ನೋಡಿ. ಇಂಗ್ಲೆಂಡಿನವರು 2002ರಲ್ಲಿ ತಮ್ಮ ಸರ್ಕಾರಿ ಆರೋಗ್ಯ ಸೇವೆಯಾದ ಇಡೀ ಎನ್‌ಎಚ್‌ಎಸ್‌ಗೆ ಮೇಲಿನಿಂದ ಕಂಪ್ಯೂಟರ್ ವ್ಯವಸ್ಥೆ ಹೇರಲು ಹೋಗಿ, ನೂರಾರು ಕೋಟಿ ಪೌಂಡ್ ಸುರಿದು, 2011ರಲ್ಲಿ ಆ ಯೋಜನೆಯನ್ನೇ ಕಳಚಿಟ್ಟರು. ಆಮೇಲೆ ಜನರ ವೈದ್ಯಕೀಯ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಲು ಹೊರಟ ಕೇರ್ ಡಾಟ್ ಡೇಟಾ ಯೋಜನೆಯೂ ಜನರ ನಂಬಿಕೆ ಗಳಿಸಲಾಗದೆ 2016ರಲ್ಲಿ ಮುಚ್ಚಿತು.

ಹಾಗೆಂದು ನಮ್ಮವರಿಗೆ ಪೆಟ್ಟು ಬೀಳದೆ ಇಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳಿಗೆ ಸೈಬರ್ ಕಳ್ಳರು ಹೊರಗಿನಿಂದ ಬೀಗ ಜಡಿದರು. ದೇಶದ ಅಷ್ಟು ಹೆಸರಾಂತ ಆಸ್ಪತ್ರೆ ದಿನಗಟ್ಟಲೆ ಪೆನ್ನು ಹಿಡಿದು ಕೆಲಸ ಮಾಡಿತು. ಲ್ಯಾಬಿನ ಫಲಿತಾಂಶವೂ ಕಾಗದದಲ್ಲಿ, ದಾಖಲಾತಿಯೂ ಕಾಗದದಲ್ಲಿ. ಕವರ್ ಹಿಡಿದು ಬಂದವರು ಆ ದಿನಗಳಲ್ಲಿ ಬುದ್ಧಿವಂತರೆನಿಸಿಕೊಂಡಿರಬೇಕು!

ಇನ್ನು ಈ ಮಾಹಿತಿಯನ್ನೆಲ್ಲ ತುಂಬುವವರು ಯಾರು? ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಸ್ಟರು. ಬಸುರಿಯ ಬಿಪಿಯನ್ನು ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು, ಆಮೇಲೆ ತಾಯಿ ಕಾರ್ಡಿನಲ್ಲಿ, ಅದಾದ ಮೇಲೆ ಫೋನಿನಲ್ಲಿ. ಕಾಗದ ಹೋಗಿ ಕಂಪ್ಯೂಟರ್ ಬಂದಿದ್ದರೆ ಕೆಲಸ ಇಳಿಯುತ್ತಿತ್ತು. ಕಾಗದವೂ ಉಳಿದು ಕಂಪ್ಯೂಟರೂ ಬಂತು. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿಕೊಂಡು ಹೋಗುವ ಕೆಲಸ ಮೇಲಿನಿಂದ.

ಆದರೂ ನನ್ನ ದೊಡ್ಡ ತಕರಾರು ಇರುವುದು ಆ ‘ಒಪ್ಪಿಗೆ’ಯ ಮೇಲೆ. ಒಪ್ಪಿಗೆ ರೋಗಿಯದು, ಸರಿ. ಅದು ಕೊನೆಗೆ ಬಂದು ನಿಲ್ಲುವುದು ಫೋನಿನ ಮೇಲೆ. ಫೋನು ರೋಗಿಯದೇ ಎಂದು ಯಾರು ಹೇಳಿದರು? ಕೋವಿನ್‌ನಲ್ಲಿ ಕೋವಿಡ್ ಲಸಿಕೆಗೆ ಹೆಸರು ಬರೆಸುವಾಗ ಒಂದು ಮೊಬೈಲ್ ನಂಬರಿಗೆ ನಾಲ್ಕು ಜನ ಎಂದು ಲೆಕ್ಕವಿತ್ತು, 2022ರಲ್ಲಿ ಅದು ಆರಾಯಿತು. ನಂಬರು ಮನುಷ್ಯನದಲ್ಲ, ಮನೆಯದು ಎಂದು ಸರ್ಕಾರಕ್ಕೆ ಅವತ್ತೇ ಗೊತ್ತಿತ್ತು. ಮನೆಯ ನಂಬರೆಂದರೆ ಬಹಳ ಕಡೆ ಗಂಡನದು, ಇಲ್ಲವೆ ಮಗನದು.

ಸೊಸೆಯೊಬ್ಬಳು ಮನಸ್ಸಿಗೆ ಸರಿಯಿಲ್ಲವೆಂದು ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದಳೆನ್ನಿ. ಕವರಿನ ಕಾಲದಲ್ಲಿ ಆ ಒಂದು ಚೀಟಿಯನ್ನು ತೆಗೆದು ಅಕ್ಕಿ ಡಬ್ಬದ ಕೆಳಗಿಟ್ಟರೆ ಮುಗಿಯುತ್ತಿತ್ತು. ಯಾರಿಗೆ ಯಾವ ರಿಪೋರ್ಟು ತೋರಿಸಬೇಕೆಂದು ಆರಿಸಿಕೊಳ್ಳುವ ಅವಕಾಶ ಆಭಾ ಆ್ಯಪ್‌ನಲ್ಲೂ ಇದೆ. ಆ್ಯಪ್ ಇರುವುದು ಮಾತ್ರ ಗಂಡನ ಜೇಬಿನಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದು ಕಂಪನಿಯವರನ್ನೂ ಕಚೇರಿಯವರನ್ನೂ ಹಿಡಿಯಬಲ್ಲದು. ಮನೆಯೊಳಗಿನ ಗಂಡನನ್ನೋ ಅತ್ತೆಯನ್ನೋ ಹಿಡಿಯುವ ಕಾಯ್ದೆ ಎಲ್ಲಿದೆ?

ಮೊನ್ನೆ ತಾಲ್ಲೂಕು ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತಿದ್ದೆ. ಗೋಡೆಯ ಮೇಲೆ ಕ್ಯೂಆರ್ ಅಂಟಿಸಿದ್ದರು. ಸ್ಕ್ಯಾನ್ ಮಾಡಿದರೆ ಫೋನಿಗೇ ಟೋಕನ್ ಬರುತ್ತದೆ, ಹುಡುಗರಿಗೆ ನಿಜಕ್ಕೂ ಅನುಕೂಲ. ನನ್ನ ಮುಂದಿದ್ದ ಅಜ್ಜಿಯ ಹತ್ತಿರ ಫೋನೇ ಇರಲಿಲ್ಲ.

‘ಒಟಿಪಿ ಬಂದಿರುತ್ತೆ, ಹೇಳಜ್ಜಿ’ ಅಂದ ಕೌಂಟರಿನ ಹುಡುಗ.

‘ಮಗ ಬೆಂಗಳೂರಲ್ಲವ್ನೆ ಕಣಪ್ಪ. ಈಗ ಡ್ಯೂಟಿ, ಫೋನ್ ಎತ್ತಕಿಲ್ಲ.’

ಹುಡುಗ ಒಳ್ಳೆಯವನು. ಅದೇನೇನೋ ಒತ್ತಿ, ತನ್ನದೇ ನಂಬರು ಹಾಕಿ, ಅಜ್ಜಿಗೆ ಚೀಟಿ ಹರಿದುಕೊಟ್ಟು ಕಳಿಸಿದ. ‘ಹೀಗೆ ನಿನ್ನ ನಂಬರಿನಲ್ಲಿ ಎಷ್ಟು ಜನ ಅಜ್ಜಿಯರಿದ್ದಾರಪ್ಪ?’ ಎಂದು ಕೇಳಿದೆ.

‘ನಂದು ಲಿಮಿಟ್ ಆಗೋಯ್ತು ಅಂದಾಗ ವಾಚ್‌ಮನ್ ನಂಬರ್ ಹಾಕ್ತೀನಿ ಸಾರ್. ಅವರದ್ದು ಡಬಲ್ ಸಿಮ್ಮು.’